ಕೋಟ್ಯಾನರ ಕಾರು ನಿಂತಲ್ಲೇ ನಿಂತದ್ದು

ಮುಂಬಯಿ ಕಡೆಯ ಡೊಂಬಿವಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಗೆ ಜಯಶೀಲ ಕೋಟ್ಯಾನರು ಹನ್ನೊಂದು ವರ್ಷಗಳಿಂದ ಸೆಕ್ರೆಟರಿ. ಕಲ್ಯಾಣ ಸ್ಟೇಷನ್ನಿನ ಹತ್ತಿರ ಅವರದ್ದೊಂದು ಶಾಕಾಹಾರಿ ಹೋಟೆಲೂ ಇದೆ. ಆದರೆ ತಮ್ಮ ಪರಿಚಯ ಹೇಳಿಕೊಳ್ಳುವಾಗ ಹೋಟೆಲು ಎರಡನೆಯ ವಾಕ್ಯದಲ್ಲಿ ಬರುತ್ತದೆ.

ಇಂಥವರ ಲೈಸೆನ್ಸು ಮೂರು ತಿಂಗಳ ಮಟ್ಟಿಗೆ ಸಸ್ಪೆಂಡ್ ಆಯಿತು. ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ತಮ್ಮ ಕುರ್ಚಿ ಅಧ್ಯಕ್ಷರ ಎಡಕ್ಕೋ ಬಲಕ್ಕೋ ಎಂಬುದನ್ನು ಫೋನಿನಲ್ಲಿ ಇತ್ಯರ್ಥ ಮಾಡುತ್ತಾ ಅವರು ಶಿಳ್ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರು. ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದ. ಕೋಟ್ಯಾನರು ಫೋನು ಇಡದೆ, ಒಂದು ನಿಮಿಷ ತಡಿ ಎಂದು ಬೆರಳು ತೋರಿಸಿದರು. ಆ ಒಂದು ನಿಮಿಷಕ್ಕೆ ಮೂರು ತಿಂಗಳು ಸಿಕ್ಕಿತು.

ವಿಷಯ ಗೊತ್ತಿದ್ದದ್ದು ಹೆಂಡತಿ ರತ್ನಾವತಿಗೆ ಮಾತ್ರ. ಸೊಸೈಟಿಯಲ್ಲಿ "ಡಾಕ್ಟ್ರು ನಡೀಲಿಕ್ಕೆ ಹೇಳಿದ್ದಾರೆ" ಎಂದು ಹೇಳಿ, ಕಾರಿಗೆ ಹೊದಿಕೆ ಹಾಕಿ, ಕೋಟ್ಯಾನರು ಸ್ಟೇಷನ್ನಿಗೆ ನಡೆಯತೊಡಗಿದರು. ನಂಬಿಕೆ ಬರಲೆಂದು ಬೆಳಿಗ್ಗೆಯೂ ಒಂದು ಸುತ್ತು ಹಾಕಿದರು. ಸೆಕ್ರೆಟರಿಯೇ ನಡೆಯುತ್ತಾರೆಂದು ಬಿ ವಿಂಗಿನ ಹೆಂಗಸರು ತಂತಮ್ಮ ಗಂಡಂದಿರನ್ನು ಹಾಸಿಗೆಯಿಂದ ಎಬ್ಬಿಸಿ ಹೊರಗಟ್ಟಿದರು. ತಿಂಗಳೊಳಗೆ ಏಳು ಜನರ ತಂಡವಾಯಿತು. ಮುಂದೆ ಕೋಟ್ಯಾನರು, ಕೊನೆಯಲ್ಲಿ ಏದುಸಿರು ಬಿಡುತ್ತಾ ನಿವೃತ್ತ ಬ್ಯಾಂಕ್ ನೌಕರ ಯಜ್ಞೇಶ್ವರ ಭಟ್ಟರು. ಮುಂದೆ ನಡೆಯುವುದು ಕೋಟ್ಯಾನರಿಗೆ ಎಷ್ಟು ಒಗ್ಗಿತೆಂದರೆ, ತಮಗೆ ನಿಜಕ್ಕೂ ಡಾಕ್ಟರೇ ಹೇಳಿದ್ದು ಎಂದು ಅವರಿಗೂ ಒಮ್ಮೊಮ್ಮೆ ಅನಿಸುತ್ತಿತ್ತು.

ಈ ನಡುವೆ ಕಾರಿನ ಇನ್ಶೂರೆನ್ಸ್ ಮುಗಿಯಿತು. ಕೋಟ್ಯಾನರು ಕಟ್ಟಲಿಲ್ಲ. ಹೋಟೆಲಿಗೆ ರಜೆ ಇರುವ ದಿನ ಒಲೆ ಉರಿಸುತ್ತಾರೆಯೇ? ಓಡದ ಕಾರಿಗೆ ವಿಮೆ ಯಾಕೆ? ಲೈಸೆನ್ಸು ಕೈಗೆ ಬಂದ ದಿನ ಏಜೆಂಟ್ ಲೀಲಾಧರನಿಗೆ ಫೋನು ಮಾಡಿದಾಗಲೇ ವಿಮೆಯವರ ಯೋಚನೆ ಹೋಟೆಲಿನವರಂತಲ್ಲ ಎಂದು ತಿಳಿದದ್ದು.

"ಎಂತ ಮಾಡಿದ್ರಿ ಅಣ್ಣಾ! ತೊಂಬತ್ತು ದಿನ ದಾಟಿದ್ರೆ ಇಷ್ಟು ವರ್ಷ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ನಿಮ್ಮ ನೋ ಕ್ಲೇಮ್ ಬೋನಸ್, ಪೂರಾ ಹೋಗ್ತದೆ. ಇನ್ನು ಹನ್ನೆರಡು ದಿನ ಉಂಟಷ್ಟೇ. ಪಾಲಿಸಿ ಮುಗಿದ ಗಾಡಿ, ಇನ್ಸ್‌ಪೆಕ್ಷನ್ ಆಗ್ಬೇಕು. ನಾಳೆ ನಿಮ್ಮ ಸೊಸೈಟಿಗೆ ಬಂದು ಫೋಟೋ ತೆಗೀತೇನೆ."

"ಸೊಸೈಟಿಗೆ ಬೇಡ ಮಾರಾಯ. ನಾನು ಕಲ್ಯಾಣದಲ್ಲಿ ಹೋಟೆಲಿನ ಹಿಂದೆ ತಂದು ನಿಲ್ಲಿಸ್ತೇನೆ."

"ಹೇಗೆ ತರ್ತೀರಿ?"

"ಓಡಿಸಿಕೊಂಡು. ಲೈಸೆನ್ಸ್ ಬಂತಲ್ಲ!"

"ಇನ್ಶೂರೆನ್ಸ್ ಇಲ್ಲದ ಗಾಡಿ ರಸ್ತೆಗಿಳಿಸ್ತೀರಾ? ಪುನಃ ಹಿಡಿದ್ರೆ? ಯಾರಿಗಾದ್ರೂ ತಾಗಿದ್ರೆ ಹೋಟೆಲು ಮಾರ್ಬೇಕಾದೀತು. ಇದ್ದಲ್ಲೇ ಇರ್ಲಿ ಅದು."

ಕಾರು ಗೇಟಿನಿಂದ ಹೊರಗೆ ಹೋಗುವಂತಿಲ್ಲ, ಲೀಲಾಧರ ಒಳಗೆ ಬರುವಂತಿಲ್ಲ. ಬಂದರೆ ಯಾಕೆ, ಏನು ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಇದೇ ಯೋಚನೆಯಲ್ಲಿ ಹತ್ತು ದಿನ ಕಳೆಯಿತು. ಕ್ರೇನಿನಲ್ಲಿ ಎತ್ತಿಸುವ ಮಾತೂ ಬಂತು.

"ಹೌದು, ಕ್ರೇನ್ ತರಿಸಿ," ಎಂದರು ರತ್ನಾವತಿ. "ಅದಾದ್ರೆ ಯಾರಿಗೂ ಕಾಣೂದಿಲ್ಲ."

ಕೊನೆಗೆ ಕೋಟ್ಯಾನರು ಉಪಾಯ ಹೂಡಿದರು. ತಂಡ ನಡೆಯಲು ಹೋದ ಹೊತ್ತಿಗೆ ಲೀಲಾಧರ ಬರುವುದು; ತಾವು ಮೊಣಕಾಲು ನೋವೆಂದು ಹಿಂದೆ ಉಳಿಯುವುದು. ಲೀಲಾಧರ ಹೇಳಿದ ಹೊತ್ತಿಗೆ ಬಂದ. ಹೊದಿಕೆ ತೆಗೆದು ನಾಲ್ಕೂ ಬದಿಯ ಫೋಟೋ ತೆಗೆದ. ಬಾನೆಟ್ಟಿನ ಮೇಲೆ ಫಾರ್ಮು ಹರಡಿದ. ಆದರೆ ನಾಯಕರಿಗೆ ಮೊಣಕಾಲು ನೋವೆಂದ ಮೇಲೆ ತಂಡಕ್ಕೆ ನಡೆಯಲು ಮನಸ್ಸು ಬರುತ್ತದೆಯೇ? ಅರ್ಧ ಸುತ್ತಿಗೇ ತಿರುಗಿ, ನೋವಿನ ಎಣ್ಣೆಯ ಬಾಟಲಿ ಹಿಡಿದು, ಆರೂ ಜನ ಕಾರಿನ ಸುತ್ತ ನೆರೆದರು.

ಲೀಲಾಧರನ ಗಂಟಲು ಮೊದಲೇ ದೊಡ್ಡದು. "ಅಣ್ಣಾ, ಕೊನೇ ಕಾಲಂ. ಲೈಸೆನ್ಸ್ ಸಸ್ಪೆಂಡ್ ಆದದ್ದುಂಟಾ? ಹೌದಾ, ಇಲ್ವಾ?"

ಕೋಟ್ಯಾನರು ಕಣ್ಣು ಸನ್ನೆ ಮಾಡಿದರು. ಅವನಿಗೆ ಅರ್ಥವಾಯಿತು, ದನಿ ಮಾತ್ರ ತಗ್ಗಲಿಲ್ಲ. "ಇಲ್ಲ ಅಂತ ಬರೀಬಹುದು. ಆದ್ರೆ ನಾಳೆ ಕ್ಲೇಮ್ ಬಂದ್ರೆ ಕಂಪೆನಿಯವರು ಇದನ್ನೇ ಹಿಡ್ಕೊಳ್ತಾರೆ. ಮತ್ತೆ ನನ್ನನ್ನು ಕೇಳ್ಬೇಡಿ."

ಕೋಟ್ಯಾನರು ಕಾರನ್ನು ನೋಡಿದರು, ಆರು ಮುಖಗಳನ್ನು ನೋಡಿದರು. ಸಭೆಯಲ್ಲಿ ಠರಾವು ಓದುವ ದನಿ ಆ ದಿನ ಬರಲಿಲ್ಲ.

"ಹೌದು ಅಂತ ಬರಿ."

"ಎಷ್ಟು ಸಮಯ?"

"ಮೂರು ತಿಂಗಳು."

"ಕಾರಣ?"

"ಫೋನು."

ಲೀಲಾಧರ ಬರೆದುಕೊಂಡ. ಮೂರನೆಯ ಮಾಳಿಗೆಯ ಜೋಶಿಯವರು ಎಣ್ಣೆ ಬಾಟಲಿ ಜೇಬಿಗೆ ಹಾಕಿಕೊಂಡು, "ಮಗ್, ಗುಡಘಾ ಕಸಾ ಆಹೇ?" ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಮೊಣಕಾಲಿನ ಕುಶಲ ವಿಚಾರಿಸಿದರು. ಭಟ್ಟರು ಮಾತ್ರ ಬೆರಳಿನಲ್ಲಿ ತಿಂಗಳು ಎಣಿಸುತ್ತಿದ್ದರು.

"ಅಂದ್ರೆ, ಡಾಕ್ಟ್ರು ಎಂತದೂ ಹೇಳ್ಲಿಲ್ವಾ?"

"ಇಲ್ಲ ಭಟ್ರೇ."

"ಮಾರಾಯ್ರೇ! ನಿಮ್ಮ ಹೆಸರು ಹೇಳಿ ನನ್ನ ಹೆಂಡತಿ ನನ್ನನ್ನು ದಿನಾ ಐದೂವರೆಗೆ ಎಬ್ಬಿಸ್ತಾಳೆ. ಕಾಫಿಗೆ ಸಕ್ಕರೆ ಹಾಕದೆ ಮೂರು ತಿಂಗಳಾಯ್ತು! ಬನ್ನಿ, ಈಗಲೇ ಬಂದು ಅವಳಿಗೆ ಹೇಳಿ."

ಕೋಟ್ಯಾನರು ಸಹಿ ಹಾಕಿದರು. ಪಾಲಿಸಿ ರಾತ್ರಿ ಹನ್ನೆರಡಕ್ಕೆ ಶುರು, ಅಲ್ಲಿವರೆಗೆ ಕಾರು ಮುಟ್ಟಬಾರದು ಎಂದು ಹೇಳಿ ಲೀಲಾಧರ ಹೊರಟ. ಭಟ್ಟರು ಸೆಕ್ರೆಟರಿಯ ತೋಳು ಹಿಡಿದು ನಾಲ್ಕನೆಯ ಮಾಳಿಗೆಗೆ ಕರೆದೊಯ್ದರು.

ಭಟ್ಟರ ಹೆಂಡತಿ ವನಮಾಲಾ ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡರು. ಪೊಲೀಸ್, ಫೋನು, ವಿಮೆ, ಒಂದನ್ನೂ ಬಿಡದೆ ಕೋಟ್ಯಾನರು ಹೇಳಿದರು. ಹೇಳಿ ಮುಗಿದ ಮೇಲೆ ಆಕೆ ಗ್ಯಾಸ್ ಸಣ್ಣ ಮಾಡಿದರು.

"ನಿಮ್ಮ ಲೈಸೆನ್ಸ್ ವಿಷಯ ನನಗೆ ಯಾಕೆ? ಇವರ ಶುಗರ್ ಇಳಿದಿದೆ. ಕಾರು ಬಂತು ಅಂತ ನಡಿಗೆ ಬಿಟ್ಟೀರಿ, ಜಾಗ್ರತೆ. ನಾಳೆ ಐದೂವರೆಗೆ ಇಬ್ಬರೂ ಗೇಟಿನಲ್ಲಿ ಇರ್ಬೇಕು."

ಇಬ್ಬರೂ ತಲೆಯಾಡಿಸಿದರು.