ಅತ್ತೆಯ ಅದುರುವ ಕಣ್ಣು

ಅತ್ತೆಗೆ ಅದುರುತ್ತಿದ್ದದ್ದು ಎಡಗಣ್ಣೋ ಬಲಗಣ್ಣೋ, ನನಗೆ ಖಚಿತವಿರಲಿಲ್ಲ. ಯಾವಾಗಲೂ ಎದುರು ಕೂತು ನೋಡಿದವನಿಗೆ ಬಲಗಣ್ಣೆಂದೇ ನೆನಪು. ಆದರೆ ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಎಲ್ಲವನ್ನೂ ಅನುಮಾನಿಸುವುದನ್ನು, ನನ್ನ ನೆನಪನ್ನೂ ಸೇರಿಸಿ.

ಶಿಕಾರಿಪುರದ ಈ ಸೋದರತ್ತೆಗೆ ಮುಖದ ಒಂದು ಪಕ್ಕ ತಾನಾಗಿಯೇ ಎಳೆಯುತ್ತಿತ್ತು. ಕಣ್ಣು ಮಿಟುಕಿ, ತುಟಿಯ ಕೊನೆ ಮೇಲೇರುತ್ತಿತ್ತು. ಅವಳಿಗೇನೂ ಬೇಸರವಿರಲಿಲ್ಲ. ಹೆಂಗಸರಿಗೆ ಎಡಗಣ್ಣು ಅದುರಿದರೆ ಶುಭ, ಬಲಗಣ್ಣಾದರೆ ಕೇಡು; ತನ್ನದು ಎಡಗಣ್ಣೇ ಎಂಬುದು ಅವಳ ವಾದ. ಬೋರಿನಲ್ಲಿ ನೀರು ಬಿದ್ದದ್ದೂ ಎಮ್ಮೆ ಹೆಣ್ಣುಗರು ಹಾಕಿದ್ದೂ ಆ ಕಣ್ಣಿನಿಂದಲೇ ಎನ್ನುತ್ತಿದ್ದಳು.

"ಅದು ಬಲಗಣ್ಣು ಕಣೇ," ಮಾವ ಕೆಣಕುತ್ತಿದ್ದರು. "ಇಲ್ದಿದ್ರೆ ನಾನ್ಯಾಕೆ ಗಂಟು ಬೀಳ್ತಿದ್ದೆ ನಿಂಗೆ?"

"ನಿಮ್ಮನ್ನ ಕಟ್ಕಂಡಾಗ ಎರಡೂ ಮುಚ್ಚಿದ್ವು ಬಿಡ್ರೀ."

ತೊಂದರೆಯಾದದ್ದು ಅವಳ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ. "ಹುಡುಗಿಗೆ ಒಪ್ಪಿಗೆ ಐತಾ?" ಎಂದು ಹುಡುಗನ ತಂದೆ ಕೇಳಿದರು. ಅತ್ತೆ "ಹೂಂ" ಎಂದಳು, ಕಣ್ಣೂ ಹೊಡೆದಳು. ಅವರು ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು. ಮುಂದೆ ಬರಲಿದ್ದವರು ಸೊರಬದ ಕಡೆಯ ಜಡೆ ಎಂಬ ಊರಿನವರು. ಆ ಹುಡುಗ ಮಗಳ ಮನಸ್ಸಿಗೆ ಆಗಲೇ ಹಿಡಿಸಿದ್ದ. "ಇದೂ ತಪ್ಪಿದ್ರೆ ನಿನ್ ಜೊತೆ ಮಾತೇ ಇಲ್ಲ," ಎಂದಳು ಅಮ್ಮನಿಗೆ.

ಊರಿನ ಡಾಕ್ಟರು ಮಾತ್ರೆ ಕೊಟ್ಟರು. ಅತ್ತೆ ಒಲೆ ಮುಂದೆಯೇ ತೂಕಡಿಸಿದಳು. ಕಣ್ಣು ಮಾತ್ರ ಚುರುಕಾಗಿಯೇ ಇತ್ತು. ಕೊನೆಗೆ ಶಿವಮೊಗ್ಗಕ್ಕೆ ಕರೆದೊಯ್ದೆ. ಬೊಟುಲಿನಂ ಎಂಬ ಔಷಧವನ್ನು ಕಣ್ಣಿನ ಸುತ್ತ ಚುಚ್ಚಿದರೆ ಸ್ನಾಯು ಸಡಿಲವಾಗುತ್ತದೆ ಎಂದರು ಅಲ್ಲಿನ ನರರೋಗ ತಜ್ಞರು.

"ಒಂಚೂರು ಉಳಿಸ್ರೀ ಡಾಕ್ಟ್ರೇ, ಪೂರ್ತಿ ನಿಲ್ಲಿಸ್ಬ್ಯಾಡ್ರಿ," ಎಂದಳು ಅತ್ತೆ.

ಅವರು ಸಂಕೋಚದಿಂದಲೇ, "ಇದು ಶಾಶ್ವತ ಅಲ್ಲಮ್ಮ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಶುರುವಾಗುತ್ತೆ," ಎಂದರು.

ಅತ್ತೆಯ ಮುಖ ಅರಳಿತು. "ಹಂಗಾರೆ ಮದ್ವೆ ಹೊತ್ತಿಗೆ ವಾಪಸ್ ಬರ್ತತಲ್ಲ! ಚುಚ್ಚಿ."

ಜಡೆಯವರು ಬಂದ ದಿನ ಕಣ್ಣು ಅಲುಗಲಿಲ್ಲ, ಮದುವೆ ಗೊತ್ತಾಯಿತು. ಆಮೇಲೆ ಅತ್ತೆ ಆಗಾಗ ರೆಪ್ಪೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಹೊರಟುಹೋದ ನೆಂಟರ ದಾರಿ ಕಾಯುವವಳಂತೆ.

ತಾಳಿ ಕಟ್ಟುವ ಹೊತ್ತಿಗೆ ಕಣ್ಣು ಮೆಲ್ಲಗೆ ಮಿಟುಕಿತು. ಬೀಗರು ಬೆಚ್ಚಲಿಲ್ಲ, ಮಗಳು ಹುಡುಗನಿಗೆ, ಅವನು ಮನೆಯವರಿಗೆ ಮೊದಲೇ ಎಲ್ಲ ಹೇಳಿದ್ದರಂತೆ. ನಾನು ಮಾತ್ರ ಎದುರಿನ ಕುರ್ಚಿ ಬಿಟ್ಟು ಅತ್ತೆಯ ಪಕ್ಕಕ್ಕೆ ಹೋದೆ. ಅವಳು ನೋಡುವ ಕಡೆಗೇ ಮುಖ ಮಾಡಿ ನಿಂತು, ನಾನು ವಾಚು ಕಟ್ಟಿದ ಎಡಗೈ ಯಾವ ಕಡೆಗಿದೆ ಎಂದು ನೋಡಿ ಖಾತ್ರಿ ಮಾಡಿಕೊಂಡೆ.

ಎಡಗಣ್ಣೇ.