ಜಗಲಿಗೆ ಕರೆಸಿದ ಹುಡುಗ

ಸೊಗಡು ಅವರೆಕಾಯಿ ಬಿಡಿಸಿದ ಬೆರಳನ್ನು ಮೂಸಿದರೆ ಸಾಕು, ನಾನು ಹನಕೆರೆಯಲ್ಲಿರುತ್ತೇನೆ. ಸೋಪು ಹಾಕಿ ತೊಳೆದರೂ ಹೋಗದ ಆ ಎಣ್ಣೆಯಂಥ ವಾಸನೆ ಚಳಿಗಾಲ ಪೂರ್ತಿ ಪುಟ್ಟತಾಯಿ ಅತ್ತೆಯ ಮನೆಯಲ್ಲಿ ತುಂಬಿರುತ್ತಿತ್ತು. ನಮ್ಮೂರು ಬೆಳಕವಾಡಿಗೆ ಮಂಡ್ಯದ ಕಾಲೇಜು ದೂರವೆಂದು ಅಪ್ಪ ನನ್ನನ್ನು ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟಿದ್ದರು, ಅಲ್ಲಿಂದ ರೈಲಿದೆಯಲ್ಲ. ಕೆಂಪು ಹಂಚಿನ ಮನೆ, ಬೀದಿಗೆ ಮುಖ ಮಾಡಿದ ಜಗಲಿ, ಜಗಲಿಯ ಮೇಲೆ ನೆನೆಹಾಕಿದ ಅವರೆಕಾಳಿನ ಬೋಗುಣಿ. ಮಾತಾಡಿಸಲು ಬಂದವರು ಯಾರೇ ಆಗಲಿ, ಕೂತು ಒಂದಷ್ಟು ಕಾಳು ಹಿತುಕಲೇಬೇಕು. ಇಲ್ಲದಿದ್ದರೆ ಅತ್ತೆ ಮಾತೇ ಆಡುತ್ತಿರಲಿಲ್ಲ. ಸಿಪ್ಪೆ ಬಿಟ್ಟು ಬೇಳೆ ಪುಳಕ್ಕನೆ ಹೊರಬರುವ ಆ ಕೆಲಸದ ನಡುವೆಯೇ ಬೀದಿಯ ಅರ್ಧ ಜಗಳಗಳು ಬಗೆಹರಿಯುತ್ತಿದ್ದವು.

ಸಿದ್ದರಾಜು ಅದೇ ಊರಿನ ಹುಡುಗ, ಪಿಯುಸಿಯಲ್ಲಿ ನನ್ನದೇ ತರಗತಿ. ಬೆಳಗ್ಗೆ ಸ್ಟೇಷನ್ನಿಗೆ, ಸಂಜೆ ಮನೆಗೆ, ಕಬ್ಬಿನ ಗದ್ದೆ ಪಕ್ಕದ ಹಾದಿಯಲ್ಲಿ ಒಟ್ಟಿಗೆ ನಡೆಯುತ್ತಿದ್ದೆವು. ನಾನು ವಟಗುಟ್ಟುವುದು, ಅವನು ನಗುವುದು. ಒಂದು ಸಂಜೆ ಅವನು ನಿಂತು, ನೆಲ ನೋಡುತ್ತಾ, ನೀನೆಂದರೆ ನನಗಿಷ್ಟ ಎಂದುಬಿಟ್ಟ. ನಾನು ಗದ್ದೆಯಂಚಿನ ಕಬ್ಬಿನ ಗರಿಯೊಂದನ್ನು ಕಿತ್ತು ಸೀಳುತ್ತಾ ನಿಂತೆ. ಕೊನೆಗೆ, ನಿನ್ನ ಜೊತೆ ನಡೆಯುವುದು ನನಗಿಷ್ಟ, ಅದಕ್ಕಿಂತ ಹೆಚ್ಚು ಈಗ ನನಗೇನೂ ಗೊತ್ತಾಗುತ್ತಿಲ್ಲ ಎಂದೆ. "ಆಯ್ತು ಬುಡು, ನಡ್ಕಂಡೇ ಓಗಣ," ಎಂದ. ಮಾರನೆಯ ದಿನವೂ ಬಂದ, ಮುಖ ಊದಿಸಿಕೊಳ್ಳದೆ. ನನ್ನ ಮಗಳು ಓದುವ ಕಥೆಗಳಲ್ಲಿ ಬೇಡವೆಂದ ಹುಡುಗಿಯ ಬೆನ್ನು ಬಿಡದ ಹುಡುಗನೇ ನಾಯಕ. ಅಂಥವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಯಾರೋ ಪುಣ್ಯಾತ್ಮರು ಬೆಳಕವಾಡಿಗೆ ಸುದ್ದಿ ಮುಟ್ಟಿಸಿದರು. ಓದಿದ್ದು ಸಾಕು, ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಫೋನಿನಲ್ಲಿ ಹೇಳಿದರು. ಅತ್ತೆ ನನ್ನನ್ನು ಬೈಯಲಿಲ್ಲ. ಏನು ನಡೆಯಿತೆಂದು ಕೇಳಿದಳು, ಎಲ್ಲ ಹೇಳಿದೆ. ಭಾನುವಾರ ಅಪ್ಪ ಜಗಲಿ ಹತ್ತಿದಾಗ ಸಿದ್ದರಾಜು ಆಗಲೇ ಬೋಗುಣಿಯ ಮುಂದೆ ಕೂತಿದ್ದ, ಅತ್ತೆಯೇ ಕರೆಸಿದ್ದಳು. ಅಕ್ಕನ ಮನೆಯಲ್ಲಿ ಅಪ್ಪನಿಗೂ ಕೂತು ಹಿತುಕದೆ ವಿಧಿಯಿರಲಿಲ್ಲ. ಹುಡುಗ ಹಿತುಕಿದ ಒಂದು ಬೇಳೆ ಹಾರಿ ಅಪ್ಪನ ಮೀಸೆಗೆ ತಾಗಿತು. ಬಾಗಿಲ ಹಿಂದೆ ನಿಂತಿದ್ದ ನಾನು ನಗು, ಅಳು ಎರಡನ್ನೂ ನುಂಗಿಕೊಂಡೆ. "ನನ್ನ ಮಗ್ಳು ನಿಂಗೇನಾಗ್ಬೇಕ್ಲಾ?" ಎಂದು ಅಪ್ಪ ಕೇಳಿದರು. ಇವನು ಎದ್ದು ಓಡಿದ ಎಂದೇ ಅಂದುಕೊಂಡೆ.

"ನಾನು ಇಷ್ಟ ಅಂದೆ ಕಣಣ್ಣ. ಅವ್ಳು ಇನ್ನೂ ಗೊತ್ತಾಯ್ತಿಲ್ಲ ಅಂದ್ಲು. ಅದ್ಕೇ ಸುಮ್ನೆ ಜೊತೇಲಿ ನಡೀತೀವಿ," ಎಂದ ಸಿದ್ದರಾಜು.

ಅತ್ತೆ ಕಾಳಿನಿಂದ ಕಣ್ಣೆತ್ತಲಿಲ್ಲ. "ಇವ್ಳೂ ನಂತಾವ ಇದೇ ಮಾತ ಯೋಳಿದ್ಲು ಕಣ್ಲಾ. ಇಬ್ರಲ್ಲೂ ಸುಳ್ಳಿಲ್ಲ. ಓದು ಬುಡಿಸಿ ನೀನು ಏನ ಕಾಪಾಡೀಯೆ?"

ಅಪ್ಪ ಹಿತುಕುತ್ತಲೇ ಇದ್ದರು. ಮಧ್ಯಾಹ್ನ ಹಿತುಕಿದ ಬೇಳೆಯ ಸಾರಿನಲ್ಲಿ ಎಲ್ಲರೂ ಮುದ್ದೆ ಉಂಡೆವು.

ಆಮೇಲೆ ಪ್ರೀತಿ ನನಗೂ ಬಂತು. ಕೆಲವು ವರ್ಷ ನಮ್ಮ ಜೊತೆಗೇ ಇತ್ತು, ಊರು ಕಾಲೇಜು ಬದಲಾದಾಗ ಯಾರನ್ನೂ ನೋಯಿಸದೆ ಸ್ನೇಹವಾಗಿ ಉಳಿದುಕೊಂಡಿತು. ಇವತ್ತಿಗೂ ಮದ್ದೂರಿಗೆ ಹೋದರೆ ಅವನ ಮನೆಯಲ್ಲಿ ಅವನ ಹೆಂಡತಿ ಕೊಡುವ ಕಾಫಿ ಕುಡಿಯದೆ ಬರುವುದಿಲ್ಲ. ಅತ್ತೆ ತೀರಿಹೋದಳು, ಹಂಚಿನ ಮನೆಯ ಜಾಗದಲ್ಲಿ ಸಿಮೆಂಟಿನ ಮಳಿಗೆಗಳೆದ್ದಿವೆ. ಇಂಥದ್ದೊಂದು ಮನೆ ನಿಮಗೂ ಇದ್ದಿದ್ದರೆ, ಅದಿದ್ದ ಜಾಗವನ್ನು ದಾಟಿ ಹೋಗುವ ಸಂಕಟ ನಿಮಗೂ ಗೊತ್ತಿರುತ್ತದೆ. ಅಪ್ಪನೂ ಈಗಿಲ್ಲ. ಆ ಭಾನುವಾರ ಸಂಜೆ ಸ್ಟೇಷನ್ನಿನವರೆಗೆ ಅವರ ಜೊತೆ ಹೋಗಿದ್ದೆ. ನನ್ನ ಬಟ್ಟೆಬರೆ ಅತ್ತೆಯ ಮನೆಯಲ್ಲೇ ಇತ್ತು, ಅದರ ಮಾತನ್ನು ಅವರು ಎತ್ತಿರಲಿಲ್ಲ. ರೈಲು ಹತ್ತಿ ಕಿಟಕಿಯ ಬಳಿ ಕೂತು, ನನ್ನ ಕಡೆ ನೋಡದೆಯೇ ಹೇಳಿದರು: "ನಾಳೀಕೆ ರೈಲು ತಪ್ಪಿಸ್ಕಬ್ಯಾಡಿ, ಇಬ್ರೂವೆ."