ವೆಂಕಟಯ್ಯನ ಬಿಸಿನೀರು

ಬೇಗಾರಿನ ವೆಂಕಟಯ್ಯನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಷೋಕಿ, ಬಿಸಿನೀರಿನ ಸ್ನಾನ. ಬೀಡಿ ಸೇದಿದವನಲ್ಲ, ಇಸ್ಪೀಟು ಮುಟ್ಟಿದವನಲ್ಲ. ಆದರೆ ಸಂಜೆ ಬಚ್ಚಲಿಗೆ ಹೋದರೆ ಬೆನ್ನು ಕೆಂಪಾಗಬೇಕು, ಹೊರಗೆ ಬರುವಾಗ ತಲೆಯಿಂದ ಹಬೆ ಏಳಬೇಕು. ಇಲ್ಲದಿದ್ದರೆ ಅದು ಸ್ನಾನವೇ ಅಲ್ಲ, ಸುಮ್ಮನೆ ಮೈ ಒದ್ದೆ ಮಾಡಿಕೊಳ್ಳುವುದು ಎಂದು ಅವನ ತೀರ್ಮಾನ. ನಮ್ಮ ಕಡೆಯ ಅರ್ಧ ಜನರ ತೀರ್ಮಾನವೂ ಅದೇ. ಅವನೊಬ್ಬನನ್ನೇ ದೂರಿ ಏನು ಫಲ?

ಈ ಷೋಕಿಗೆ ಕಾರಣವೂ ಇತ್ತು. ಹದಿನೆಂಟಕ್ಕೆ ಅಡಿಕೆ ಮರ ಹತ್ತಿದವನು ಅರವತ್ತೆರಡರವರೆಗೆ ಇಳಿಯಲೇ ಇಲ್ಲ ಎನ್ನಬೇಕು. ಕಂಡವರ ತೋಟಗಳಲ್ಲಿ ಅಡಿಕೆ ಗೊನೆ ಕೊಯ್ಯುವವನೂ ಅವನೇ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವನೂ ಅವನೇ. ಮೈಲುತುತ್ತಕ್ಕೆ ಸುಣ್ಣ ಕಲೆಸಿದ ಆ ಮದ್ದು, ಗಾಳಿ ತಿರುಗಿತೆಂದರೆ ಹೊಡೆದವನ ಮೈಮೇಲೇ ಬೀಳುತ್ತದೆ. ಸಂಜೆ ಅವನು ಮನೆಗೆ ಬರುವಾಗ ಮೈಯೆಲ್ಲ ನೀಲಿ, ಹಲ್ಲು ಕಟಕಟ. ಅಷ್ಟರಲ್ಲಿ ಹೆಂಡತಿ ಶಾಂತಕ್ಕ ಹಂಡೆಗೆ ಉರಿ ಹಾಕಿ ನೀರು ಕುದಿಸಿಟ್ಟಿರುತ್ತಿದ್ದಳು. ತೆಂಗಿನ ನಾರಿನಿಂದ ಬೆನ್ನು ತಿಕ್ಕಿ ನೀಲಿ ಬಿಡಿಸುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ನೆಮ್ಮದಿಯಾಗಿ ನಾಲ್ಕು ಮಾತಾಡುತ್ತಿದ್ದದ್ದು ಆ ಅರ್ಧ ಗಂಟೆಯಲ್ಲೇ. ಉಳಿದ ಹೊತ್ತು ಅವಳಿಗೂ ಪುರುಸೊತ್ತಿಲ್ಲ. ಹಗಲು ಕೂಲಿ, ಅದರ ಮೇಲೆ ಊರಿನಲ್ಲಿ ಯಾರೇ ಹಡೆಯಲಿ, ಬಾಣಂತಿಗೂ ಕೂಸಿಗೂ ನೀರು ಹಾಕಲು ಅವಳೇ ಬೇಕು. ಈಗ ಮೀಸೆ ತಿರುವಿಕೊಂಡು ಬೈಕಿನಲ್ಲಿ ಓಡಾಡುವ ಎಷ್ಟೋ ಗಂಡಸರು ಒಂದು ಕಾಲದಲ್ಲಿ ಶಾಂತಕ್ಕನ ಕಾಲಮೇಲೆ ಬೋರಲು ಮಲಗಿ ಅತ್ತವರೇ.

ವಯಸ್ಸಾದಮೇಲೆ ಬೆನ್ನು ತಿಕ್ಕುವುದು ನಿಂತಿತು. ಆದರೆ ಕಡೇ ಚೊಂಬನ್ನು ಮಾತ್ರ ಅವಳೇ ಬಂದು ಅವನ ಹೆಗಲ ಮೇಲೆ ಹೊಯ್ಯುತ್ತಿದ್ದಳು. ಆಗ ಬಚ್ಚಲಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಅವಳ ತಲೆಕೂದಲಿನದೆಂದು ವೆಂಕಟಯ್ಯ ತಿಳಿದಿದ್ದ.

ಅವಳ ಕಡೆಯ ಐದಾರು ವರ್ಷ ದಿನಾ ಒಂದೇ ಜಗಳ. ಒಳಗಿನಿಂದ ಇವನು, ನೀರಿಗೆ ಕಾವೇ ಇಲ್ಲ ಎಂದು ಕೂಗಬೇಕು. ಹೊರಗಿನಿಂದ ಅವಳು, "ಸೌದೆ ಹಸಿ ಮಾರಾಯ್ರೆ, ಎಂತ ಮಾಡದು" ಎನ್ನಬೇಕು. ಶಿವರಾತ್ರಿ ಕಳೆದು ನೆಲ ಸುಡುವಾಗಲೂ ಸೌದೆ ಹೇಗೆ ಹಸಿಯಾಗಿರುತ್ತದೆ ಎಂದು ಈ ಪುಣ್ಯಾತ್ಮ ಒಂದು ದಿನವಾದರೂ ಕೇಳಿದ್ದಿಲ್ಲ. ಮುದುಕಿಗೆ ಉರಿ ಹಾಕಲು ಕೈಲಾಗುವುದಿಲ್ಲ ಎಂದು ಗೊಣಗಿ ಸುಮ್ಮನಾಗುತ್ತಿದ್ದ.

ಎರಡು ವರ್ಷದ ಹಿಂದೆ ನವರಾತ್ರಿಯ ಹೊತ್ತಿಗೆ ಶಾಂತಕ್ಕ ತೀರಿಕೊಂಡಳು. ಪಿಕಪ್ ಗಾಡಿ ಓಡಿಸುವ ಮಗ ಸುಂದರೇಶ್ ಬಚ್ಚಲಿಗೆ ಗೀಸರ್ ಹಾಕಿಸುತ್ತೇನೆಂದ. ವೆಂಕಟಯ್ಯ ಒಪ್ಪಲಿಲ್ಲ. ಹಂಡೆಯ ಉಸಾಬರಿ ಪೂರ್ತಿ ತನ್ನ ಕೈಗೆ ತೆಗೆದುಕೊಂಡ. ಸೊಸೆ ರೇಖಾಳನ್ನೂ ಹತ್ತಿರ ಬಿಡಲಿಲ್ಲ. ಉರಿಯ ಮುಂದೆ ಕೂತರೆ ಅವನಿಗೆ ಶಾಂತಕ್ಕ ಪಕ್ಕದಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ನೀಲಿ ಮೈ ತೊಳೆಯುತ್ತಿದ್ದ ಕಾಲದ ನೀರು ಹೇಗೆ ಕುದಿಯುತ್ತಿತ್ತೋ ಹಾಗೇ ಕುದಿಸುತ್ತಿದ್ದ. ಸತ್ತವಳಿಗೆ ಅವನು ಸಲ್ಲಿಸುತ್ತಿದ್ದ ಪೂಜೆ ಅದೊಂದೇ.

ಮೊದಲ ಚಳಿಗಾಲಕ್ಕೇ ತುರಿಕೆ ಶುರುವಾಯಿತು. ಎರಡನೆಯ ಚಳಿಗಾಲಕ್ಕೆ ಮೊಣಕಾಲ ಕೆಳಗಿನ ಚರ್ಮ ಮೀನಿನ ಹುರುಪೆಯಂತೆ ಎದ್ದಿತು. ತುರಿಕೆ ಎಂದರೆ ಕೊಳೆ ಎಂದು ತಿಳಿದ ವೆಂಕಟಯ್ಯ ನೀರನ್ನು ಇನ್ನಷ್ಟು ಕಾಯಿಸಿದ, ಸೋಪನ್ನು ಇನ್ನಷ್ಟು ತಿಕ್ಕಿದ. ಉರಿಗೆ ತುಪ್ಪ ಸುರಿದ ಹಾಗಾಯಿತು. ಪಂಚೆಯ ಮೇಲೆ ರಕ್ತದ ಕಲೆ ಕಂಡ ದಿನ ರೇಖಾ ಅವನ ಮಾತು ಕೇಳದೆ ಕೊಪ್ಪದ ಬಸ್ಸು ಹತ್ತಿಸಿ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಚಿಕ್ಕ ಪ್ರಾಯದ ಹೆಂಗಸು. ಅಂಗಿ ಬಿಚ್ಚಿಸಿ ನೋಡಿದರು. ಮುಂಗೈ, ಕತ್ತಿನ ಹಿಂಬದಿ ಎಲ್ಲ ಸುಕ್ಕು, ಕಂದು ಚುಕ್ಕೆ. ಉಡಿದಾರ ಸರಿಸಿದರೆ ಅದರ ಕೆಳಗಿನ ಚರ್ಮ ಮಾತ್ರ ನುಣ್ಣಗೆ, ಮದುಮಗನದಿದ್ದ ಹಾಗೆ. ಎರಡಕ್ಕೂ ಒಂದೇ ವಯಸ್ಸು ಅಜ್ಜ, ಇದು ಬಿಸಿಲು ಕಂಡಿಲ್ಲ, ಅದು ಕಂಡಿದೆ, ಅಷ್ಟೇ ವ್ಯತ್ಯಾಸ ಎಂದು ನಕ್ಕರು. ಇದು ಕಜ್ಜಿಯಲ್ಲ, ಯಾರಿಗೂ ಅಂಟುವುದಿಲ್ಲ. ವಯಸ್ಸಾದಂತೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ಜಿಡ್ಡು ಕಡಿಮೆಯಾಗುತ್ತದೆ, ಉಳಿದಿರುವ ಚೂರು ಜಿಡ್ಡನ್ನೂ ಸುಡುನೀರು ತೊಳೆದುಬಿಡುತ್ತದೆ ಎಂದು ಬಿಡಿಸಿ ಹೇಳಿದರು. ಹತ್ತು ನಿಮಿಷದೊಳಗೆ ಸ್ನಾನ ಮುಗಿಯಬೇಕು, ಸೋಪು ಕಂಕುಳಿಗೂ ತೊಡೆಸಂದಿಗೂ ಸಾಕು, ಒರೆಸುವಾಗ ಉಜ್ಜಬಾರದು, ಮೈ ಹಸಿಯಾಗಿರುವಾಗಲೇ ಎಣ್ಣೆ ಸವರಬೇಕು, ಬಿಸಿಲಿಗೆ ಹೋಗುವಾಗ ತುಂಬುತೋಳಿನ ಅಂಗಿ ಇರಬೇಕು. ಯಾವುದಾದರೂ ಮಚ್ಚೆ ಬೆಳೆದರೆ, ಬಣ್ಣ ಬದಲಾದರೆ ಕೂಡಲೇ ಬಂದು ತೋರಿಸಬೇಕು. ನೀರು ಮಾತ್ರ ಇನ್ನುಮುಂದೆ ಉಗುರುಬೆಚ್ಚಗೆ.

ವೆಂಕಟಯ್ಯನಿಗೆ ಅವಮಾನವಾಯಿತು. "ಉಗುರುಬೆಚ್ಚಗಿನ ನೀರು ಕೂಸಿಗೆ ಹಾಕೋದು ಡಾಕ್ಟ್ರೇ. ನನ್ನ ಹೆಂಡ್ತಿ ನಲವತ್ತು ವರ್ಷ ಕೊತಕೊತ ಕುದಿಯೋ ನೀರು ಹಾಕಿದಾಳೆ. ಅವಳು ಇರೋತನಕ ಒಂದು ದಿನ ಮೈ ತುರಿಸಿದ್ದಿಲ್ಲ."

ಪಕ್ಕದಲ್ಲಿದ್ದ ರೇಖಾ ನೆಲ ನೋಡಿದಳು.

ಮನೆಗೆ ಬಂದವನೇ ವೆಂಕಟಯ್ಯ ಹಟಕ್ಕೆ ಬಿದ್ದವನಂತೆ ಒಂದು ಹೊರೆ ಸೌದೆ ಹೊತ್ತು ತಂದು ಒಲೆಗೆ ತುರುಕಿದ. ಕೊಪ್ಪದ ಡಾಕ್ಟರಿಗೆ ತನ್ನ ಶಾಂತಳ ವಿಷಯ ಏನು ಗೊತ್ತು ಎಂಬ ಸಿಟ್ಟು ಅವನಿಗೆ. ಈ ನೀರನ್ನೂ ಬಿಟ್ಟರೆ ಅವಳದು ಅಂತ ತನ್ನ ಪಾಲಿಗೆ ಇನ್ನೇನು ಉಳಿಯಿತು ಎಂಬ ಸಂಕಟ. ನೀರು ಕುದಿ ಬರುವ ಹೊತ್ತಿಗೆ ರೇಖಾ ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಮಾವ, ಅತ್ತೆ ಹೇಳ್ಬ್ಯಾಡ ಅಂತ ಮಾತು ತಗೊಂಡಿದ್ರು. ಡಾಕ್ಟ್ರು ಹೇಳಿದ್ರಾದ್ರೂ ಕೇಳ್ತೀರಿ ಅಂದ್ಕಂಡಿದ್ದೆ. ಸೌದೆ ಯಾವತ್ತೂ ಹಸಿ ಇರ್ಲಿಲ್ಲ."

ವೆಂಕಟಯ್ಯ ತಿರುಗಿ ನೋಡಿದ.

"ನಿಮ್ಮನ್ನ ಕರೆಯೋ ಮುಂಚೆ ಅತ್ತೆ ಎರಡು ಕೊಡ ತಣ್ಣೀರು ಹಂಡೆಗೆ ಹೊಯ್ತಿದ್ರು. ಕಡೇ ಚೊಂಬಿಗೆ ಎರಡು ಚಮಚ ಕೊಬ್ಬರಿ ಎಣ್ಣೆ. ಕೂಸಿನ ಚರ್ಮಕ್ಕೂ ಮುದಿ ಚರ್ಮಕ್ಕೂ ಒಂದೇ ನೀರು ಅಂತಿದ್ರು."

"ನಂಗೆ ಹೇಳ್ಬಹುದಿತ್ತಲ."

"ನಾನೂ ಹಂಗೇ ಅಂದೆ. ಮರ ಹತ್ತಿದ ಗಂಡಸು, ಮುದುಕ ಆದೆ ಅಂತ ಅವರಿಗೆ ಅನ್ನಿಸ್ಬಾರ್ದು, ಬೈಸ್ಕಳದು ನಂಗೆ ಅಭ್ಯಾಸ ಅಂದ್ರು."

ವೆಂಕಟಯ್ಯ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ಐದಾರು ವರ್ಷ ದಿನಾ ಸಂಜೆ ತಾನು ಅಂದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಕೈಲಾಗದವಳು ಎಂದಿದ್ದ. ಕೈಲಾಗದವಳು ಎರಡು ಕೊಡ ನೀರು ಎತ್ತಿ ಹಂಡೆಗೆ ಹೊಯ್ಯುತ್ತಿದ್ದಳು. ಅವಳಿಗೆ ಒಂದು ಒಳ್ಳೆಯ ಮಾತು ಹೇಳಲು ಈಗ ದಾರಿಯಿಲ್ಲವಲ್ಲ ಎಂದು ಅತ್ತುಬಿಟ್ಟ. ಹೊಗೆ ಎಂದು ರೇಖಾಳಿಗೆ ಸುಳ್ಳು ಹೇಳಿದ. ಆಮೇಲೆ ಎದ್ದು, ಸೌದೆ ಹಿಂದಕ್ಕೆಳೆದು, ನಾಳೆಯಿಂದ ಉರಿ ನೀನೇ ಹಾಕು ಎಂದ.

ಮಾರನೆಯ ಸಂಜೆ ಬಚ್ಚಲ ಕಲ್ಲಿನ ಮೇಲೆ ಕೂತು ಮೊದಲ ಚೊಂಬು ಹೊಯ್ದುಕೊಂಡ. ಬೆನ್ನು ಕೆಂಪಾಗಲಿಲ್ಲ, ಹಬೆಯೂ ಏಳಲಿಲ್ಲ. ಗೋಡೆಯ ಗೂಡಿನಲ್ಲಿ ರೇಖಾ ಒಂದು ಬಟ್ಟಲು ಕೊಬ್ಬರಿ ಎಣ್ಣೆ ಇಟ್ಟಿದ್ದಳು. ಅದನ್ನು ನೋಡಿ, ಹಳೆಯ ಗತ್ತಿನಲ್ಲೇ ಕೂಗಿದ.

"ನೀರಿಗೆ ಕಾವೇ ಇಲ್ಲ."

ಹೊರಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಸೌದೆ ಹಸಿ, ಮಾವ. ಎಂತ ಮಾಡದು."

ವೆಂಕಟಯ್ಯ ಬಟ್ಟಲಿನ ಎಣ್ಣೆಯನ್ನು ಕಡೇ ಚೊಂಬಿಗೆ ಬಗ್ಗಿಸಿಕೊಂಡು ಹೆಗಲ ಮೇಲೆ ನಿಧಾನವಾಗಿ ಹೊಯ್ದುಕೊಂಡ.